ಸಹಾಯ ಬೇಕು: ಲಿಫ್ಟ್ ಪಂಪ್ ಪ್ರೆಶರ್ ಎಷ್ಟಿಡೋದು?

ಡೀಸೆಲ್ ಗಾಡಿ ಬಲ್ಲವರು ಸ್ವಲ್ಪ ನೋಡಿ. ಟೆಕ್ಸಾಸ್‌ನಲ್ಲಿದ್ದೀನಿ. ನನ್ನದು 2001ರ ಡಾಜ್ ರ‍್ಯಾಮ್ 2500, 5.9 ಲೀಟರ್ ಕಮಿನ್ಸ್ ಇಂಜಿನ್, ವಿಪಿ44 ಇಂಜೆಕ್ಷನ್ ಪಂಪ್ (ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಪಂಪು). ಪ್ರೆಶರ್ ಹೆಚ್ಚು ಕಮ್ಮಿ ಮಾಡೋಕೆ ಬರೋ ಹೊಸ ಲಿಫ್ಟ್ ಪಂಪ್ (ಟ್ಯಾಂಕಿಂದ ಇಂಜೆಕ್ಷನ್ ಪಂಪಿಗೆ ಡೀಸೆಲ್ ಕಳಿಸೋದು) ಹಾಕ್ಸಿದೀನಿ. ಫಿಲ್ಟರ್ ಬದಲಾಯಿಸಿದೆ, ಲೈನಲ್ಲಿ ಗಾಳಿ ಇಲ್ಲ, ಇನ್ನೊಂದು ಗೇಜ್ ಇಟ್ಟು ತಾಳೆನೂ ನೋಡಿದೆ.

ಐಡ್ಲಿಂಗಲ್ಲಿ 18 ಪಿಎಸ್‌ಐ, ಟ್ರೇಲರ್ ಕಟ್ಕೊಂಡು ಏರು ಹತ್ತುವಾಗ 11. ಐಡ್ಲಿಂಗ್ 15ಕ್ಕೆ ಇಳಿಸಿದ್ರೆ ಲೋಡಲ್ಲಿ 8ಕ್ಕೆ ಬೀಳತ್ತೆ. ವಿಪಿ44 ಪಂಪಿಗೆ ಡೀಸೆಲ್ಲೇ ತಂಪು, ಡೀಸೆಲ್ಲೇ ಆಯಿಲ್. 10ರ ಕೆಳಗೆ ಹೋದ್ರೆ ನಂಗೆ ಭಯ (ಹೊಸ ವಿಪಿ44 ರೇಟ್ ಕೇಳಿದ್ರೆ ಇನ್ನೂ ಭಯ). ಪ್ರೆಶರ್ ಜಾಸ್ತಿ ಇಟ್ರೆ ಅದರ ಶಾಫ್ಟ್ ಸೀಲ್ ಹೋಗತ್ತೆ ಅಂತಾರೆ ಮೆಕ್ಯಾನಿಕ್.

18ರಲ್ಲೇ ಬಿಡ್ಲಾ, ಇಲ್ಲ 15ಕ್ಕೆ ಇಳಿಸಿ ದಪ್ಪ ಡೀಸೆಲ್ ಪೈಪ್ ಹಾಕ್ಸ್ಲಾ? ಇದೇ ಇಂಜಿನ್ ಇರೋರು ಐಡ್ಲಿಂಗಲ್ಲಿ, ಲೋಡಲ್ಲಿ ಎಷ್ಟೆಷ್ಟು ಇಟ್ಟಿದೀರಿ?