ಎಸಿ ಮೆಕ್ಯಾನಿಕ್ ಕೋರ್ಸ್: ಖರ್ಚೆಷ್ಟು, ದುಡಿಮೆ ಎಷ್ಟು? ನಜೀರ್ ಸರ್‌ಗೆ ಪ್ರಶ್ನೆ ಕೇಳಿ

ಅಡ್ಮಿನ್: ಹುಬ್ಬಳ್ಳಿಯಲ್ಲಿ ಎಸಿ ಮತ್ತೆ ಕೋಲ್ಡ್ ಸ್ಟೋರೇಜ್ ಕೆಲಸ ಮಾಡೋ ನಜೀರ್ ಸರ್ ಇವತ್ತು ಸಂಜೆ ಉತ್ತರ ಕೊಡ್ತಾರೆ. ಒಬ್ರು ಒಂದೇ ಪ್ರಶ್ನೆ ಕೇಳಿ ದಯವಿಟ್ಟು.

ಮಂಜು, ಹಾವೇರಿ: ಸರ್ ಐಟಿಐ ಮುಗಿಸಿದ್ರ ಶುರುವಿಗೆ ಪಗಾರ ಎಷ್ಟು ಸಿಗತೈತ್ರಿ?

ನಜೀರ್: ಅಪ್ರೆಂಟಿಸ್ ಹೋದ್ರ ಸ್ಟೈಪೆಂಡ್. 2019ರ ನಿಯಮದಾಗ ಕನಿಷ್ಠ 5,000ದಿಂದ 9,000 ತನಕ ಇಟ್ಟಿದ್ರು, ಓದಿನ ಮ್ಯಾಲೆ. ಚಲೋ ಕಂಪನಿ ಹೆಚ್ಚಿಗಿ ಕೊಡ್ತಾವ. ಅದು ಮುಗದ ಮ್ಯಾಲೆ ನಮ್ಮ ಕಡೆ ಹೊಸಬರಿಗೆ 12ರಿಂದ 16 ಸಾವಿರ, ನಾಕೈದು ವರ್ಷ ಕೈ ಪಳಗಿದವರಿಗೆ 25 ದಾಟತೈತಿ.

ಸುಮಾ, ಬೆಂಗಳೂರು: ಹುಡುಗೀರು ಈ ಟ್ರೇಡ್ ತಗೋಬಹುದಾ ಸರ್? ಪಿಯುಸಿ ಆಗಿದೆ, ಆಸಕ್ತಿ ಇದೆ, ಮನೇಲಿ ಬೇಡ ಅಂತಿದ್ದಾರೆ.

ರೇಣುಕಾ, ಗದಗ: ಸರ್ ನಮಸ್ಕಾರ್ರಿ. ನನ್ನ ತಮ್ಮ ಎಸ್ಸೆಸ್ಸೆಲ್ಸಿ ಪಾಸ್, ಈಗ 18 ತುಂಬೇತಿ, ಇಲ್ಲೊಂದು ಪ್ರೈವೇಟ್ ಇನ್‌ಸ್ಟಿಟ್ಯೂಟ್‌ನವರು ಮೂರು ತಿಂಗಳ ಎಸಿ ಕೋರ್ಸಿಗೆ 75 ಸಾವಿರ ಅಂತಾರ, ನೌಕರಿ ಗ್ಯಾರಂಟಿ ಅಂತ ಬಾಯಿಮಾತಿಗೆ ಹೇಳ್ತಾರ, 5 ಸಾವಿರ ಅಡ್ವಾನ್ಸ್ ಕೊಟ್ಟೇವಿ, ಉಳದದ್ದಕ್ಕ ಅವ್ವ ಬಂಗಾರ ಒತ್ತಿ ಇಡಾಕ ತಯಾರದಾಳ. ತಮ್ಮ ಡೆಮೊ ಕ್ಲಾಸಿಗೆ ಹೋಗಿದ್ದ, ವೆಲ್ಡಿಂಗ್ ಆಕ್ಸಿಜನ್ ಸಿಲಿಂಡರ್‌ನಿಂದ ಪ್ರೆಷರ್ ಕೊಟ್ಟು ಲೀಕ್ ನೋಡೂದು ಕಲಿಸ್ಯಾರಂತ, ಭಾಳ ಖುಷಿಯಾಗ್ಯಾನ. ಸರ್ಕಾರಿ ಐಟಿಐ ಎರಡ ವರ್ಷ ಅಂದ್ರ ಅಲ್ಲೀತನಕ ಮನಿ ನಡಿಯೂದು ಕಷ್ಟ ಐತ್ರಿ.

ನಜೀರ್: ರೇಣುಕಾ ಅಕ್ಕಾರ, ರೊಕ್ಕದ ಮಾತು ಆಮ್ಯಾಲೆ. ಮೊದಲ ಆ ಆಕ್ಸಿಜನ್. ಕಂಪ್ರೆಸರ್‌ನ್ಯಾಗ ಎಣ್ಣಿ ಇರತೈತಿ, ಪ್ರೆಷರ್‌ನ್ಯಾಗಿನ ಆಕ್ಸಿಜನ್ ಆ ಎಣ್ಣಿಗೆ ತಾಗಿದ್ರ ಕಡ್ಡಿ ಗೀರೂದ ಬ್ಯಾಡ, ತಾನ ಹೊತ್ತಿ ಬಾಂಬ್ ಒಡದಂಗ ಒಡೀತೈತಿ. ಎದರಿಗೆ ಕುಂತ ಹುಡುಗನ ಜೀವಾನ ಹೋಗಬಹುದು. ಲೀಕ್ ಟೆಸ್ಟಿಗೆ ಒಣ ನೈಟ್ರೋಜನ್, ಅದೂ ರೆಗ್ಯುಲೇಟರ್ ಹಾಕಿ. ಇದರಾಗ ಎರಡನೇ ಮಾತಿಲ್ಲ. ಆಕ್ಸಿಜನ್ ಸಿಲಿಂಡರ್ ಮೈ ಕಪ್ಪು, ಕುತ್ತಿಗಿ ಕಡೆ ಬಿಳಿ. ನೈಟ್ರೋಜನ್‌ದು ಮೈ ಬೂದು, ಕುತ್ತಿಗಿ ಕಪ್ಪು. ತಮ್ಮ ಯಾವ ಬಣ್ಣ ನೋಡ್ಯಾನ ಕೇಳಿ ತಿಳಸ್ರಿ.

ಈಗ ಲೆಕ್ಕ. ಐಟಿಐದಾಗ ಈ ಟ್ರೇಡಿಗೆ ಮೊದಲ ಎಂಆರ್‌ಎಸಿ (ಮೆಕ್ಯಾನಿಕ್, ರೆಫ್ರಿಜರೇಶನ್ ಮತ್ತ ಏರ್ ಕಂಡೀಷನಿಂಗ್) ಅಂತಿದ್ರು, ಈಗ ರೆಫ್ರಿಜರೇಶನ್ ಮತ್ತ ಏರ್ ಕಂಡೀಷನಿಂಗ್ ಟೆಕ್ನಿಷಿಯನ್ ಅಂತಾರ. ಸರ್ಕಾರಿ ಫೀ ಆ 75 ಸಾವಿರದ ಮುಂದ ಲೆಕ್ಕಕ್ಕ ಇಲ್ಲ. ಖರೇ ಖರ್ಚು ಬ್ಯಾರೆ, ಆ ಎರಡ ವರ್ಷ ಹೆಲ್ಪರ್ ಆಗಿ ತಿಂಗಳಿಗೆ 10 ಸಾವಿರ ದುಡದ್ರೂ 2 ಲಕ್ಷ 40 ಸಾವಿರ ಮನಿಗೆ ಬರ್ತಿತ್ತು, ಅದನ್ನ ಬಿಡಬೇಕು. ಬಿಟ್ಟಿದ್ದಕ್ಕ ಸಿಗೂದೇನು ಅಂದ್ರ ಅಪ್ರೆಂಟಿಸ್ ಐತಿ, ದೊಡ್ಡ ಆಸ್ಪತ್ರಿ ಎಸಿ ಪ್ಲಾಂಟ್ ಅದಾವ, ರೈಲ್ವೆದಾಗ ಅಸಿಸ್ಟೆಂಟ್ ಲೋಕೋ ಪೈಲಟ್ ಅರ್ಜಿಗೂ ಈ ಟ್ರೇಡ್ ನಡೀತೈತಿ. ಮೂರು ತಿಂಗಳ ಕಾಗದ ರೈಲ್ವೆ ಅರ್ಜಿಗೆ ನಡಿಯೂದಿಲ್ಲ. ಮನಿ ನಡಿಯೂದು ಖರೇನ ಕಷ್ಟ ಅಂದ್ರ ಆರ್‌ಸೆಟಿಗೆ, ಅಂದ್ರ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗ್ರಿ. 1982ರಾಗ ಉಜಿರೆಯೊಳಗ ರುಡ್‌ಸೆಟ್ ಶುರುವಾತು, ಅದ ಮಾದರಿಯೊಳಗ ಜಿಲ್ಲಾ ಜಿಲ್ಲಾಕ ಬ್ಯಾಂಕಿನವರು ನಡಸ್ತಾರ. ಫ್ರಿಜ್ ಮತ್ತ ಎಸಿ ರಿಪೇರಿ 30 ದಿನದ ತರಬೇತಿ, ಊಟ ವಸತಿ ಪುಕ್ಕಟೆ. ನಿಮ್ಮ ಕಡೆ ಬ್ಯಾಚ್ ಯಾವಾಗ ಅಂತ ವಿಚಾರಿಸ್ರಿ. 30 ದಿನಕ್ಕ ಮೆಕ್ಯಾನಿಕ್ ಆಗೂದಿಲ್ಲ, ಹೆಲ್ಪರ್ ಆಗಿ ಸೇರಾಕ ಸಾಕು. ಆ 75 ಸಾವಿರದಾಗ ಅರ್ಧಕ್ಕ ಗೇಜ್, ವ್ಯಾಕ್ಯೂಮ್ ಪಂಪ್, ಫ್ಲೇರಿಂಗ್ ಟೂಲ್, ಕ್ಲಾಂಪ್ ಮೀಟರ್ ಇಂಥಾ ಕೆಲಸದ ಸಾಮಾನು ಬರ್ತಾವ, ಅದೂ ಕೆಲಸ ಕಲತ ಮ್ಯಾಲೆ ಸಾಕು. ಬಂಗಾರ ಒತ್ತಿ ಇಡಬ್ಯಾಡ್ರಿ.

ಕಿರಣ್, ತುಮಕೂರು: ಸರ್ ಫ್ರೆಶರ್‌ಗೆ ಸ್ಯಾಲರಿ ಎಷ್ಟು?

ನಜೀರ್: ಮ್ಯಾಲೆ ಬರದೇನಿ.

ಪ್ರದೀಪ, ಉಡುಪಿ: ಎಸಿ ಕೆಲಸ ಬೇಸಿಗೆಗೆ ಮಾತ್ರ ಅಲ್ವಾ ಸರ್, ಮಳೆಗಾಲದಲ್ಲಿ ಎಂತ ಮಾಡುದು?

ನಜೀರ್: ಮನಿ ಎಸಿ ಹೌದು, ಫೆಬ್ರವರಿಯಿಂದ ಮೇ. ಅದಕ್ಕ ಅದೊಂದನ್ನ ನಂಬಬ್ಯಾಡ್ರಿ. ಬ್ಯಾಡಗಿಯೊಳಗ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಅದಾವ, ನಿಮ್ಮ ಮಲ್ಪೆದಾಗ ಐಸ್ ಪ್ಲಾಂಟ್ ಅದಾವ. ಅಮೋನಿಯಾ ಗ್ಯಾಸಿನಿಂದ ತಂಪು ಮಾಡೋ ಇಂಥಾ ಪ್ಲಾಂಟ್ ಬಲ್ಲವರು ಕಡಿಮಿ, ರೊಕ್ಕ ಚಲೋ. ಆದ್ರ ಅದು ವಿಷ ಗಾಳಿ, ಮಾಸ್ಕ್ ಇಡದ ಪ್ಲಾಂಟಿನಾಗ ಕಾಲಿಡಬ್ಯಾಡ್ರಿ.

ಶಶಿ, ದೋಹಾ: ಐಟಿಐ ಎಲ್ಲಾ ಟೈಮ್ ವೇಸ್ಟ್ ಗುರು. ಏಜೆಂಟಿಗೆ ಒಂದೂವರೆ ಲಕ್ಷ ಕೊಟ್ಟು ಗಲ್ಫ್‌ಗೆ ಬನ್ನಿ, ಕೊಟ್ಟ ದುಡ್ಡು ವರ್ಷದಲ್ಲಿ ಎತ್ತಬಹುದು.

ಪ್ರದೀಪ, ಉಡುಪಿ: ನನ್ನ ಅಣ್ಣ ಹಾಗೇ ಹೋದದ್ದು ಮಾರಾಯ್ರೆ. ಎಸಿ ಟೆಕ್ನಿಷಿಯನ್ ಅಂತ ಹೇಳಿ ಅಲ್ಲಿ ಡಕ್ಟ್ ಕ್ಲೀನಿಂಗಿಗೆ ಹಾಕಿದ್ರು. ಸಾಲ ಇನ್ನೂ ಉಂಟು.

ಶಶಿ, ದೋಹಾ: ನಿಮ್ಮಣ್ಣಂಗೆ ಕೆಲಸ ಬರ್ತಿರ್ಲಿಲ್ಲ ಅನ್ಸುತ್ತೆ.

ಪ್ರದೀಪ, ಉಡುಪಿ: ಅಣ್ಣನ ವಿಷಯ ಮಾತಾಡ್ಬೇಡಿ. ಅವನ ಹತ್ರ ಸರ್ಟಿಫಿಕೇಟ್ ಇರ್ಲಿಲ್ಲ, ಅದನ್ನೇ ಹೇಳಿದ್ದು ನಾನು.

ನಜೀರ್: ಇಮೈಗ್ರೇಟ್ ಅಂದ್ರ ವಿದೇಶಕ್ಕ ಕಳಸೋ ಏಜೆಂಟರ ಸರ್ಕಾರಿ ಪೋರ್ಟಲ್, ಅದರಾಗ ನೋಂದಣಿ ಇರೋ ಏಜೆಂಟ್ 30 ಸಾವಿರ ಮತ್ತ ಜಿಎಸ್‌ಟಿ ತಗೋಬಹುದು, ಅಷ್ಟ. ಒಂದೂವರೆ ಲಕ್ಷ ಕೇಳಾವ ಕಳ್ಳ. ಹುಡುಗರಿಗೆ ಅಂಥಾ ದಾರಿ ಹೇಳಿಕೊಡಬ್ಯಾಡ್ರಿ ಶಶಿ.

ಗೋಪಾಲ, ಮೈಸೂರು: ಫಾರ್ವರ್ಡ್ ಬಂದಿದೆ: "ಎಸಿ ಗ್ಯಾಸ್‌ಗೆ ಸಾವಿರಾರು ಕೊಡಬೇಡಿ. ಅಡುಗೆ ಸಿಲಿಂಡರ್ ಗ್ಯಾಸ್ ತುಂಬಿಸಿ, ಕೂಲಿಂಗ್ ಡಬಲ್. ಕೋರ್ಸ್ ಬೇಡ, ವಿಡಿಯೋ ನೋಡಿ ಕಲಿಯಿರಿ." ಹೌದಾ ಸರ್?

ನಜೀರ್: ಇದನ್ನ ಡಿಲೀಟ್ ಮಾಡ್ರಿ. ಆರ್-22, ಆರ್-410ಎ ಅನ್ನೋ ಎಸಿ ಗ್ಯಾಸಿನ ಮಷೀನ್ ಹೊತ್ತಿಕೊಳ್ಳೋ ಗ್ಯಾಸಿಗೆ ಮಾಡಿದ್ದಲ್ಲ. ಮಲಗೋ ಕೋಣ್ಯಾಗ ಲೀಕ್ ಆದ್ರ ರಿಲೇ ಸ್ವಿಚ್ಚಿನಾಗಿನ ಒಂದು ಕಿಡಿ ಸಾಕು. ಆರ್-290 ಅಂದ್ರ ಪ್ರೊಪೇನ್, ಅದರ ಎಸಿ ಬರ್ತಾವ ನಿಜ, ಅವಕ್ಕ ಗ್ಯಾಸಿನ ತೂಕದ ಮಿತಿ ಐತಿ, ಒಳಗಿನ ಸ್ವಿಚ್ ಬ್ಯಾರೆ ಐತಿ. ಇಂಥಾ ಮೆಸೇಜ್ ಹಂಚಾವರು ಯಾರ ಮನಿಯೊಳಗ ಬೆಂಕಿ ಬೀಳತೈತಿ ಅಂತ ವಿಚಾರ ಮಾಡೂದಿಲ್ಲ.

ಗೋಪಾಲ, ಮೈಸೂರು: ಕೇಳಿದ್ದಷ್ಟೇ ಸರ್, ಅಷ್ಟು ಸಿಟ್ಟು ಯಾಕೆ.

ಬಸವರಾಜ, ಕೊಪ್ಪಳ: ಅಂಗಡಿ ಹಾಕಾಕ ಲೋನ್ ಸಿಗತೈತೇನ್ರಿ? ಮತ್ತ ಶುರುವಿಗೆ ಪಗಾರ ಎಷ್ಟ?

ನಜೀರ್: ಪಗಾರ ಮ್ಯಾಲೆ ಐತಿ. ಮೂರನೇ ಸಲ ಕೇಳಾಕತ್ತೀರಿ, ಓದಿ ಕೇಳ್ರಿ.

ಸುಮಾ, ಬೆಂಗಳೂರು: ಸರ್ ನನ್ನ ಪ್ರಶ್ನೆ ಮೇಲಿದೆ.

ಶಶಿ, ದೋಹಾ: ಇದು ಹುಡುಗೀರ ಕೆಲಸ ಅಲ್ಲ ಬಿಡಿ.

ಸುಮಾ, ಬೆಂಗಳೂರು: ನಿಮ್ಮನ್ನ ಕೇಳಿಲ್ಲ.

ಅಡ್ಮಿನ್: ಶಶಿ, ಪ್ರದೀಪ, ಸಾಕು. ಇನ್ನೊಂದು ಜಗಳ ಬಂದ್ರೆ ಇಬ್ರನ್ನೂ ತೆಗೀತೀನಿ.

ಪ್ರದೀಪ, ಉಡುಪಿ: ನಾನು ಎಂತ ಮಾಡಿದ್ದು ಈಗ?

ರೇಣುಕಾ, ಗದಗ: ಸರ್ ತಮ್ಮನ್ನ ಕೇಳಿದ್ನಿ. ಮೈ ಕಪ್ಪು, ಮ್ಯಾಲೆ ಬಿಳಿ ಇತ್ತಂತ.

ನಜೀರ್: ಅದು ಆಕ್ಸಿಜನ್ನ. ನಾಳೆ ಹುಡುಗನ್ನ ಅಲ್ಲಿಗೆ ಕಳಸಬ್ಯಾಡ್ರಿ. ರಸೀದಿ ತಗೊಂಡು ನೀವ ಹೋಗಿ ಅಡ್ವಾನ್ಸ್ ತಿರುಗಿ ಕೇಳ್ರಿ, ಕೊಡದಿದ್ರೂ 5 ಸಾವಿರ ಹೋಗ್ಲಿ. ಅಲ್ಲಿ ಬ್ಯಾರೆ ಹುಡುಗರು ಕಲ್ಯಾಕತ್ತಿದ್ರ ಅವರ ಮನಿಯವರಿಗೂ ಈ ಮಾತು ಹೇಳ್ರಿ.