ಶ್ರಾವಣದಲ್ಲಿ ಕಾಶಿ: ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ?

ಬಾಳೆಗದ್ದೆ (ಶಿರಸಿ):

ನಮಸ್ಕಾರ. 2026ರ ಶ್ರಾವಣದಲ್ಲಿ ಅಪ್ಪಯ್ಯ, ಆಯಿ ಇಬ್ಬರನ್ನೂ ಕಾಶಿ-ಪ್ರಯಾಗ-ಗಯೆಗೆ ಕರೆದುಕೊಂಡು ಹೋಗುವ ವಿಚಾರ ಇದೆ. ತೋಟಕ್ಕೆ ಎರಡನೇ ಸಲ ಕೊಳೆಮದ್ದು ಹೊಡೆದು ಮುಗಿದರೆ ಅಡಿಕೆ ಕೊಯ್ಲಿನ ತನಕ ಸ್ವಲ್ಪ ಬಿಡುವು ಸಿಗುವುದು ಆಗಲೇ. ಅಪ್ಪಯ್ಯನಿಗೆ 71, ದಿನಾ ಬಿಪಿ ಮಾತ್ರೆ. ಆಯಿಗೆ 66, ಮೊಣಕಾಲು ನೋವು. ನಡೆಯುತ್ತಾರೆ, ಆದರೆ ಮೆಟ್ಟಿಲು ಇಳಿಯುವುದು ಕಷ್ಟ. ಪಿತೃಕಾರ್ಯವೂ ಆಗಬೇಕು.

ಶ್ರಾವಣದ ಮೊದಲ ವಾರವೇ ಹೋಗುವುದು ಒಳ್ಳೆಯದೋ, ಕೊನೆಗೋ? ಅಲ್ಲಿಯ ಮಳೆಗೆ ಸ್ವೆಟರು, ಶಾಲು ಬೇಕೇ? ಘಾಟ್‌ಗಳು ಮುಳುಗಿದ್ದರೆ ಸ್ನಾನ, ಪಿಂಡಪ್ರದಾನ ಹೇಗೆ? ರೈಲು ಕಾರವಾರದ ಕಡೆಯಿಂದ ಹಿಡಿಯಬೇಕೋ, ಹುಬ್ಬಳ್ಳಿಯಿಂದಲೋ? ತಿಳಿದವರು ಹೇಳಿ.

ಕೂರ್ಮಗಡ (ಕಾರವಾರ):

ಮೊದಲು ದಿನಾಂಕ ಗಟ್ಟಿ ಮಾಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ನಮ್ಮ ಕಡೆಯವರು ಎಡವುವುದೇ ಇಲ್ಲಿ.

ನಮ್ಮ ಪಂಚಾಂಗ ಅಮಾಂತ, ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ಕಾಶಿಯವರದು ಪೂರ್ಣಿಮಾಂತ, ಹುಣ್ಣಿಮೆಗೆ ಮುಗಿಯುತ್ತದೆ. ಹಾಗಾಗಿ ಅವರ ಸಾವನ್ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ ಹಿಡಿಯುತ್ತದೆ, ಹದಿನೈದು ದಿನ ಮೊದಲೇ ಬಿಡುತ್ತದೆ. 2026ರಲ್ಲಿ ಅವರ ಸಾವನ್ ಜುಲೈ 30ರಿಂದ ಆಗಸ್ಟ್ 28ರ ತನಕ. ನಮ್ಮ ಶ್ರಾವಣ ಆಗಸ್ಟ್ 13ರಿಂದ ಸೆಪ್ಟೆಂಬರ್ 11ರ ತನಕ. ಶುಕ್ಲಪಕ್ಷ ಇಬ್ಬರಿಗೂ ಒಂದೇ. ಹೀಗಾಗಿ ನಿಮ್ಮ ಲೆಕ್ಕದ 'ಶ್ರಾವಣದ ಮೊದಲ ವಾರ' ಎಂದರೆ ಅಲ್ಲಿ ಜನಸಾಗರದ ನಟ್ಟನಡು. ಅದರಲ್ಲೂ ಆಗಸ್ಟ್ 17 ಸೋಮವಾರವೂ ಹೌದು, ನಾಗರಪಂಚಮಿಯೂ ಹೌದು.

ಸಾವನ್ ಸೋಮವಾರಗಳಂದು ವಿಶ್ವನಾಥನಿಗೆ ಎರೆಯಲು ಗಂಗೆಯ ನೀರಿನ ಕಾವಡಿ ಹೊತ್ತವರು ಹಿಂದಿನ ರಾತ್ರಿಯೇ ಸಾಲು ಹಿಡಿದಿರುತ್ತಾರೆ. ದೇವಸ್ಥಾನದ ರಸ್ತೆಯಲ್ಲಿ ಮೈದಾಗಿನ್‌ನಿಂದ ಗೋದೌಲಿಯಾ ಚೌಕದ ತನಕ ವಾಹನ ಬಿಡುವುದಿಲ್ಲ, ಲಿಂಗ ಮುಟ್ಟುವ ಸ್ಪರ್ಶ ದರ್ಶನವೂ ಬಂದ್. ದೂರದಿಂದ ಝಾಂಕಿ ದರ್ಶನ ಮಾಡಿ ಮುಂದೆ ಸಾಗಬೇಕು. 71 ವಯಸ್ಸಿನವರನ್ನು ಆ ಸಾಲಿನಲ್ಲಿ ನಿಲ್ಲಿಸಬೇಡಿ.

ನಿಮಗೆ ಸರಿಹೊಂದುವುದು ಆಗಸ್ಟ್ 29ರ ನಂತರ. ಅಲ್ಲಿ ಭಾದ್ರಪದ ಶುರುವಾಗಿ ಕಾವಡಿಯವರು ಊರಿಗೆ ಮರಳಿರುತ್ತಾರೆ, ಅಪ್ಪಯ್ಯನ ಪಂಚಾಂಗದಲ್ಲಿ ಇನ್ನೂ ಶ್ರಾವಣವೇ. ಆಗಸ್ಟ್ 31, ಸೆಪ್ಟೆಂಬರ್ 7 ನಮಗೆ ಶ್ರಾವಣ ಸೋಮವಾರ. ಆದರೂ ದರ್ಶನಕ್ಕೆ ಮಂಗಳವಾರ, ಬುಧವಾರ ಇಟ್ಟುಕೊಂಡರೆ ಹಗುರ. ಸೆಪ್ಟೆಂಬರ್ 14ಕ್ಕೆ ಚೌತಿ, ಅಷ್ಟರೊಳಗೆ ಮನೆ ಸೇರಬಹುದು. ತೀರ್ಥಶ್ರಾದ್ಧಕ್ಕೆ ತಿಥಿ ಕಾಯಬೇಕಾಗಿಲ್ಲ, ಕ್ಷೇತ್ರ ಮುಟ್ಟಿದ ಮೇಲೆ ಯಾವತ್ತೂ ಆದೀತು. ಸೆಪ್ಟೆಂಬರ್ ಕೊನೆಗೆ ಪಕ್ಷಮಾಸ (ಪಿತೃಪಕ್ಷ) ಹಿಡಿದರೆ ಗಯೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆ ಕಡೆಗೆ ಮುಂದೂಡಬೇಡಿ.

ಅಘನಾಶಿನಿ ದಂಡೆ (ಕುಮಟಾ):

ಸ್ವೆಟರು, ಶಾಲು ಎರಡೂ ಬೇಡ. ಶಿರಸಿಯಲ್ಲಿ ಮಳೆ ಎಂದರೆ ಚಳಿ. ಕಾಶಿಯಲ್ಲಿ ಮಳೆ ಎಂದರೆ ಬೆವರು. ಕಾರವಾರಕ್ಕೆ ವರ್ಷಕ್ಕೆ ಸುಮಾರು 3000 ಮಿ.ಮೀ. ಬಿದ್ದರೆ ಕಾಶಿಗೆ ಬೀಳುವುದು ಸುಮಾರು 1000. ಆಗಸ್ಟ್‌ನಲ್ಲಿ ಹಗಲು 32ರಿಂದ 35 ಡಿಗ್ರಿ, ರಾತ್ರಿ 26ರ ಕೆಳಗೆ ಇಳಿಯುವುದು ಅಪರೂಪ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಮೈಯಿಂದ ಇಳಿದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಕರಾವಳಿಯಲ್ಲಿ ಸಂಜೆಗೆ ಬೀಸುವ ಕಡಲಗಾಳಿ ಅಲ್ಲಿಲ್ಲ.

ಇದಕ್ಕಿಂತ ಮುಖ್ಯವಾದ್ದೊಂದಿದೆ. ನಾಲ್ಕಾರು ದಿನ ಮಳೆ ಪೂರ್ತಿ ಬಿಡುವುದುಂಟು. ಮಳೆ ತರುವ ಕಡಿಮೆ ಒತ್ತಡದ ಪಟ್ಟಿ ಉತ್ತರಕ್ಕೆ ಸರಿದು ಹಿಮಾಲಯದ ಬುಡಕ್ಕೆ ಹೋಗಿ ಕೂರುತ್ತದೆ. ಆಗ ಬಯಲಿನಲ್ಲಿ ಸುಡುವ ಬಿಸಿಲು, ಬೆಟ್ಟದ ಬುಡದಲ್ಲಿ ಜಡಿಮಳೆ. ಆ ನೀರು ಕೆಲವು ದಿನಗಳ ಮೇಲೆ ಕಾಶಿ ಮುಟ್ಟುತ್ತದೆ. ಜೊತೆಗೆ ಚಂಬಲ್, ಬೇತ್ವಾ, ಕೇನ್ ನದಿಗಳ ನೀರು ಯಮುನೆಗೆ ಬಿದ್ದು ಪ್ರಯಾಗದಲ್ಲಿ ಗಂಗೆಗೆ ಸೇರುತ್ತದೆ. ಅಂದರೆ ಕಾಶಿಯಲ್ಲಿ ಆಕಾಶ ಶುಭ್ರವಾಗಿದ್ದಾಗಲೇ ಗಂಗೆ ಏರುತ್ತಿರಬಹುದು. ಮೊಬೈಲ್‌ನಲ್ಲಿ ಕಾಶಿಯ ಮಳೆ ಮುನ್ಸೂಚನೆ ನೋಡಿ ಹೊರಡುವುದರಲ್ಲಿ ಅರ್ಥವಿಲ್ಲ.

ನೋಡಬೇಕಾದ್ದು ಕೇಂದ್ರ ಜಲ ಆಯೋಗ ದಿನಾ ಕೊಡುವ, ಕಾಶಿಯ ರಾಜಘಾಟ್‌ನಲ್ಲಿ ಅಳೆದ ಗಂಗೆಯ ನೀರಿನ ಮಟ್ಟ. ಎಚ್ಚರಿಕೆಯ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262. 1978ರ ಸೆಪ್ಟೆಂಬರ್‌ನಲ್ಲಿ 73.901 ಮುಟ್ಟಿದ್ದೇ ಇಂದಿಗೂ ದಾಖಲೆ. ಆದರೆ ಎಚ್ಚರಿಕೆಯ ಮಟ್ಟಕ್ಕೆ ಬರುವ ಬಹಳ ಮೊದಲೇ ಘಾಟ್‌ನಿಂದ ಘಾಟ್‌ಗೆ ದಡದಲ್ಲೇ ನಡೆಯುವ ದಾರಿ ಮುಳುಗುತ್ತದೆ, ದೋಣಿ ನಿಲ್ಲುತ್ತದೆ. ಮೊದಲು ಹುಟ್ಟು ಹಾಕುವ ಸಣ್ಣ ದೋಣಿ, ಆಮೇಲೆ ಮೋಟಾರಿನವು. ದಶಾಶ್ವಮೇಧದ ಆರತಿ ಕಟ್ಟಡದ ಮಾಳಿಗೆ ಮೇಲೆ ನಡೆಯುತ್ತದೆ. ಮಣಿಕರ್ಣಿಕೆಯಲ್ಲಿ ದಹನವೂ ಮಾಳಿಗೆಗೆ ಏರುತ್ತದೆ, ಹರಿಶ್ಚಂದ್ರ ಘಾಟ್‌ನಲ್ಲಿ ಗಲ್ಲಿಗೆ ಬರುತ್ತದೆ. ಹೊರಡುವ ವಾರ ದಿನಾ ಎರಡು ಹೊತ್ತು ಮಟ್ಟ ನೋಡಿ. ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದೇ ಮುಖ್ಯ.

ಸ್ನಾನದ ವಿಚಾರ. ನೀರು ತುಂಬಿದಾಗ ಎಷ್ಟನೇ ಮೆಟ್ಟಿಲ ಮೇಲೆ ನಿಂತಿದ್ದೇವೆ, ಮುಂದಿನ ಮೆಟ್ಟಿಲು ಎಲ್ಲಿದೆ, ಒಂದೂ ಕಾಣುವುದಿಲ್ಲ. ಬಗ್ಗಡದ ನೀರು, ಸೆಳೆತವೂ ಜೋರು. ಇಳಿದು ಮುಳುಗು ಹಾಕಿಸಬೇಡಿ. ಮೇಲಿನ ಮೆಟ್ಟಿಲಲ್ಲಿ ಕುಳಿತು ತಂಬಿಗೆಯಿಂದ ಮಿಂದರೆ ಸಾಕು. ಪಿಂಡಪ್ರದಾನ ನಿಲ್ಲುವುದಿಲ್ಲ, ಮೇಲಿನ ಮೆಟ್ಟಿಲಲ್ಲೋ ಪುರೋಹಿತರ ಮನೆಯಲ್ಲೋ ಗಂಗೆಯ ನೀರು ತಂದು ಮಾಡಿಸುತ್ತಾರೆ. ಮೊದಲೇ ಫೋನ್ ಮಾಡಿ 'ನೀರು ಏರಿದ್ದರೆ ಎಲ್ಲಿ ಮಾಡಿಸುತ್ತೀರಿ, ಎಷ್ಟು ಮೆಟ್ಟಿಲು ಇಳಿಯಬೇಕು' ಎಂದು ನೇರ ಕೇಳಿ.

ನೆರೆ ಇಳಿದ ಮೇಲಿನ ದಿನಗಳೇ ಹೆಚ್ಚು ಅಪಾಯ. ಮೆಟ್ಟಿಲುಗಳ ಮೇಲೆ ಕಣಕಾಲಿನಿಂದ ಮೊಣಕಾಲಿನ ತನಕ ಹೂಳು ಕೂತಿರುತ್ತದೆ. ಪಂಪಿನಿಂದ ನೀರು ಬಿಟ್ಟು ತೊಳೆಯುವ ಕೆಲಸ ವಾರಗಟ್ಟಲೆ ನಡೆಯುತ್ತದೆ. ಆ ಹೂಳು ಮೇಲೆ ಒಣಗಿ, ಬಿರುಕು ಬಿಟ್ಟು, ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕಾಲಿಟ್ಟರೆ ಅಡಿಯಲ್ಲಿ ಬೆಣ್ಣೆ. ನಮ್ಮ ಅಂಗಳದ ಹಾವಸೆಯಾದರೆ ಹಸಿರಾಗಿ ಕಾಣುತ್ತದೆ, ಕಂಡು ಜಾಗ್ರತೆ ಮಾಡಬಹುದು. ಇದು ಕಾಣುವುದಿಲ್ಲ. ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿ ಇರುವ, ತಳದಲ್ಲಿ ಆಳವಾದ ಗೀರುಗಳಿರುವ ರಬ್ಬರ್ ಸ್ಯಾಂಡಲ್ ಕೊಡಿಸಿ. ಆಯಿಗೆ ತುದಿಯಲ್ಲಿ ರಬ್ಬರ್ ಇರುವ ಊರುಗೋಲು. ತೊಳೆದು ಕಲ್ಲು ಕಾಣುವ ಮೆಟ್ಟಿಲ ಮೇಲೆ ಮಾತ್ರ ಇಳಿಸಿ.

ಕೂರ್ಮಗಡ ಅವರು ಹೇಳಿದ ದಿನಾಂಕ ನನಗೂ ಒಪ್ಪಿಗೆ. ಆದರೆ ಗಂಗೆ ತುಂಬುವುದೂ ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲೇ. ಜನ ಕಡಿಮೆ ಎಂದ ಮಾತ್ರಕ್ಕೆ ನೀರೂ ಕಡಿಮೆ ಇರುತ್ತದೆ ಎಂದುಕೊಳ್ಳಬೇಡಿ.

ಮುರುಗಲು (ಸಿದ್ದಾಪುರ):

ಅಪ್ಪಯ್ಯನ ಬಿಪಿ ಮಾತ್ರೆಯ ಬಗ್ಗೆ. ಕೆಲವು ಬಿಪಿ ಮಾತ್ರೆಗಳು ಮೂತ್ರ ಹೆಚ್ಚು ಮಾಡಿಸಿ ಒತ್ತಡ ಇಳಿಸುತ್ತವೆ. ಅದರ ಮೇಲೆ ದಿನವಿಡೀ ಬೆವರು ಹರಿದರೆ ಕುಳಿತವರು ಎದ್ದ ಕೂಡಲೇ ತಲೆ ತಿರುಗಿ ಬೀಳಬಹುದು, ಅದೂ ಮೆಟ್ಟಿಲ ಮೇಲೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಹೊರಡುವ ಮುಂಚೆ ಡಾಕ್ಟರಿಗೆ ಚೀಟಿ ತೋರಿಸಿ, 'ಸೆಕೆಯ ಊರಿಗೆ ಹೋಗುತ್ತಿದ್ದೇವೆ, ಡೋಸ್ ಇದೇ ಇರಲಾ, ಓಆರ್‌ಎಸ್ ಕೊಡಬಹುದಾ' ಎಂದು ಎರಡನ್ನೂ ಕೇಳಿ. ಓಆರ್‌ಎಸ್‌ನಲ್ಲಿ ಉಪ್ಪಿದೆ, ಎಲ್ಲ ಬಿಪಿಯವರಿಗೂ ಬೇಕಾದ ಹಾಗೆ ಕೊಡಲು ಬರುವುದಿಲ್ಲ. ಡಾಕ್ಟರು ಹೂಂ ಎಂದರೆ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಎಂಬ ಅಂದಾಜು ಬೇಡ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ.

ಮನೆಯಿಂದ ಮುರುಗಲು (ಕೋಕಂ) ಸಿಪ್ಪೆ ಕಟ್ಟಿಕೊಳ್ಳಿ. ಹಗುರ, ಕೆಡುವುದಿಲ್ಲ. ಎಂಟು ಹತ್ತು ಸಿಪ್ಪೆ ಅರ್ಧ ಲೀಟರ್ ಬಾಟಲಿ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ, ಸಕ್ಕರೆ, ಜೀರಿಗೆ ಪುಡಿ ಹಾಕಿದರೆ ಸಾಕು. ಅಲ್ಲಿಯ ಬೀದಿಯ ಲಸ್ಸಿ, ಠಂಡಾಯಿ ರುಚಿ ಹೌದು, ಆದರೆ ಮಳೆಗಾಲದಲ್ಲಿ ಅದಕ್ಕೆ ಹಾಕುವ ಬರ್ಫದ ನೀರು ಎಲ್ಲಿಯದೋ. ಬಿಸಿ ಕಚೋರಿ, ಬಾಣಲೆಯಿಂದ ಆಗಷ್ಟೇ ತೆಗೆದ ಜಿಲೇಬಿ ತಿನ್ನಿ. ಹೆಚ್ಚಿಟ್ಟ ಹಣ್ಣು, ಹಸಿ ಚಟ್ನಿ ಬೇಡ.

ವೇಳೆಯನ್ನೇ ಬದಲಿಸಿಕೊಳ್ಳಿ. ಕಾಶಿ ಪೂರ್ವಕ್ಕಿರುವುದರಿಂದ ಆಗಸ್ಟ್ ಕೊನೆಗೆ ಶಿರಸಿಗಿಂತ ಸುಮಾರು 40 ನಿಮಿಷ ಮೊದಲೇ ಸೂರ್ಯ ಹುಟ್ಟುತ್ತಾನೆ. ನಾಲ್ಕೂವರೆಗೆ ಎದ್ದು ಎಂಟರೊಳಗೆ ಹೊರಗಿನ ಕೆಲಸ ಮುಗಿಸಿ. ಹತ್ತರಿಂದ ನಾಲ್ಕು ಕೋಣೆಯೊಳಗೆ. ಅಪ್ಪಯ್ಯ ಮಾತು ತೊದಲಿದರೆ, ಎಲ್ಲಿದ್ದೇನೆಂದು ಗೊತ್ತಾಗದ ಹಾಗೆ ನಡೆದುಕೊಂಡರೆ, ಮೈ ಕಾದಿದ್ದರೆ ಅದು ಬರೀ ಸುಸ್ತಲ್ಲ. ಮೈಗೆ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಿರಿ.

ರಸ್ತೆಯಲ್ಲಿ ನೀರು ನಿಂತಿದ್ದರೆ ಅದರೊಳಗೆ ಕಾಲಿಡಬೇಡಿ, ವಿದ್ಯುತ್ ಕಂಬದ ಹತ್ತಿರವಂತೂ ಬೇಡವೇ ಬೇಡ. ಮುಚ್ಚಳ ಇಲ್ಲದ ಗಟಾರ, ತೆರೆದ ವೈರು ಎರಡೂ ಆ ನೀರಿನಡಿ ಇರಬಹುದು. ಅರ್ಧ ಗಂಟೆ ಯಾವುದಾದರೂ ಅಂಗಡಿ ಜಗಲಿಯಲ್ಲಿ ಕೂತರೆ ಎಷ್ಟೋ ಕಡೆ ನೀರು ಇಳಿಯುತ್ತದೆ.

ಬಾಳೆಗದ್ದೆ (ಶಿರಸಿ):

ಎಲ್ಲರಿಗೂ ಧನ್ಯವಾದ, ಆಗಸ್ಟ್ 29ರ ಮೇಲೆ ಎಂದು ನಿಶ್ಚಯ ಮಾಡುತ್ತೇವೆ. ಆಯಿಗೆ ದೇವಸ್ಥಾನದ ತನಕ ಎಷ್ಟು ನಡೆಯಬೇಕಾಗುತ್ತದೆ? ಗಂಗೆ ಕಾಣುವ ಕೋಣೆಯೇ ಬೇಕು ಎನ್ನುತ್ತಿದ್ದಾರೆ. ರೈಲಿನದೂ ಯಾರಾದರೂ ಹೇಳಿ.

ಕೂರ್ಮಗಡ (ಕಾರವಾರ):

ಗೋದೌಲಿಯಾ ಚೌಕದ ತನಕ ಇ-ರಿಕ್ಷಾ, ಅಲ್ಲಿಂದ ದೇವಸ್ಥಾನದ 4ನೇ ಗೇಟಿಗೆ ಅರ್ಧ ಕಿ.ಮೀ. ಆಸುಪಾಸು ಸಮತಟ್ಟು ದಾರಿ. 2021ರ ಡಿಸೆಂಬರ್‌ನಲ್ಲಿ ದೇವಸ್ಥಾನದಿಂದ ಗಂಗೆಯ ತನಕದ ಕಾರಿಡಾರ್ ತೆರೆದ ಮೇಲೆ ಒಳಗೆ ಜಾಗ ವಿಶಾಲವಾಗಿದೆ. ಘಾಟ್ ಕಡೆಯ ಗಂಗಾ ದ್ವಾರ ನೆರೆಯಲ್ಲಿ ಮುಚ್ಚುತ್ತಾರೆ, ಅದನ್ನು ನಂಬಿ ದೋಣಿ ಹಿಡಿಯುವ ಯೋಜನೆ ಬೇಡ. ಮೊಬೈಲ್, ಬ್ಯಾಗ್ ಒಳಗೆ ಬಿಡುವುದಿಲ್ಲ. ಲಾಕರಿಗೆ ಇನ್ನೊಂದು ಸಾಲು ನಿಲ್ಲುವುದರ ಬದಲು ಕೋಣೆಯಲ್ಲೇ ಬಿಟ್ಟು ಬನ್ನಿ, ಹಣ ಮತ್ತು ಆಧಾರ್ ಮಾತ್ರ ಸಾಕು. ಸುಗಮ ದರ್ಶನದ (ದುಡ್ಡು ಕೊಟ್ಟು ಬೇಗ ದರ್ಶನ ಮಾಡುವ) ಟಿಕೆಟ್ ದೇವಸ್ಥಾನದ ಸ್ವಂತ ವೆಬ್‌ಸೈಟಿನಲ್ಲೇ ಮಾಡಿ, ಗಲ್ಲಿಯಲ್ಲಿ ಸಿಗುವ ದಲ್ಲಾಳಿಗಳ ಕೈಗೆ ಕೊಡಬೇಡಿ.

ಕೋಣೆಯ ಬಗ್ಗೆ ಆಯಿಗೆ ಸ್ವಲ್ಪ ತಿಳಿಸಿ ಹೇಳಿ. ಗಂಗೆ ಕಾಣುವ ಕಟ್ಟಡಗಳಿಗೆ ಬಹುತೇಕ ವಾಹನ ಹೋಗುವುದಿಲ್ಲ, ಮೆಟ್ಟಿಲಂತೂ ಇದ್ದೇ ಇದೆ, ನೀರು ಏರಿದರೆ ಓಡಾಟಕ್ಕೆ ಉಳಿಯುವುದು ಹಿಂದಿನ ಗಲ್ಲಿ ಒಂದೇ. ಹರಿಶ್ಚಂದ್ರ ಘಾಟ್, ಕರ್ನಾಟಕ ಘಾಟ್, ಹನುಮಾನ್ ಘಾಟ್ ಸುತ್ತ ದಕ್ಷಿಣದವರ ವಸತಿ, ಊಟ ಇದೆ. ರಿಕ್ಷಾ ಬಾಗಿಲಿಗೆ ಎಷ್ಟು ದೂರದಲ್ಲಿ ನಿಲ್ಲುತ್ತದೆ, ಕೋಣೆ ಎಷ್ಟನೇ ಮಹಡಿ, ಲಿಫ್ಟ್ ಇದೆಯೇ, ಕರೆಂಟ್ ಹೋದರೆ ಎಸಿ ಅಲ್ಲದಿದ್ದರೂ ಫ್ಯಾನ್ ತಿರುಗುತ್ತದೆಯೇ ಎಂದು ಕೇಳಿಯೇ ಮುಂಗಡ ಕೊಡಿ.

ಆಯಿಗೆ ಕಾಲು ನೋವು ಹೆಚ್ಚಾದ ದಿನ ಬಿಎಚ್‌ಯು (ಬನಾರಸ್ ಹಿಂದೂ ವಿಶ್ವವಿದ್ಯಾಲಯ) ಆವರಣದ ವಿಶ್ವನಾಥ ಮಂದಿರಕ್ಕೆ ಕರೆದೊಯ್ಯಿರಿ, ವಿಶಾಲ ಜಾಗ, ಮರದ ನೆರಳು. ಸಾರನಾಥ 10 ಕಿ.ಮೀ. ಅಲ್ಲಿಯ ಅಶೋಕ ಸ್ತಂಭದ ಸಿಂಹಶೀರ್ಷ ಇರುವ ಮ್ಯೂಸಿಯಂ ಶುಕ್ರವಾರ ರಜೆ.

ದೇವಿಮನೆ ಘಟ್ಟ (ಶಿರಸಿ):

ಶಿರಸಿಯವರು ಈ ಹೊತ್ತಿನಲ್ಲಿ ಘಟ್ಟ ಇಳಿಯುವುದೇ ಬೇಡ. ದೇವಿಮನೆಯಲ್ಲಿ ಒಂದು ಗುಡ್ಡ ಜರಿದರೆ ಕುಮಟಾ ಮುಟ್ಟುವುದೇ ಅನುಮಾನ. ಕೊಂಕಣ ರೈಲ್ವೆಯೂ ಮಳೆಗಾಲದ ವೇಳಾಪಟ್ಟಿಯಲ್ಲಿ ನಿಧಾನ ಓಡುತ್ತದೆ. ಹುಬ್ಬಳ್ಳಿ ಸುಮಾರು 100 ಕಿ.ಮೀ., ಮುಂಡಗೋಡ ಮೇಲೆ ಹೋದರೆ ಘಟ್ಟವಿಲ್ಲ. ಹುಬ್ಬಳ್ಳಿ–ಬನಾರಸ್ ವಾರದ ಎಕ್ಸ್‌ಪ್ರೆಸ್ ಇದೆ, ಎಲ್ಲೂ ಗಾಡಿ ಬದಲಿಸಬೇಕಿಲ್ಲ. ಕಾರವಾರದ ಕಡೆಯವರಿಗಾದರೆ ಮಡಗಾಂವ್‌ನಲ್ಲಿ ವಾಸ್ಕೋ–ಪಟ್ನಾ ಹಿಡಿದು ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಅಂದರೆ ಹಳೆಯ ಮುಘಲ್‌ಸರಾಯ್‌ನಲ್ಲಿ ಇಳಿಯಬಹುದು. ಕಾಶಿ ಅಲ್ಲಿಂದ ಸುಮಾರು 17 ಕಿ.ಮೀ.

ಬನಾರಸ್ ಎಂದರೆ ಹಿಂದಿನ ಮಂಡುವಾಡಿಹ್ ಸ್ಟೇಷನ್. ವಾರಾಣಸಿ ಜಂಕ್ಷನ್ ಬೇರೆ. ವಾಪಸ್ ಬರುವಾಗ ಟಿಕೆಟ್‌ನಲ್ಲಿ ಯಾವುದು ಬರೆದಿದೆ ನೋಡಿಕೊಂಡೇ ರಿಕ್ಷಾ ಹತ್ತಿ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಇಬ್ಬರಿಗೂ ಕೆಳ ಬರ್ತ್ ಬೇಕಾದರೆ ಅದೇ ಬೆಳಿಗ್ಗೆ ಮಾಡಿ. ಎರಡು ಗಾಡಿ ಹಿಡಿಯುವುದಾದರೆ ಎರಡು ಪಿಎನ್‌ಆರ್ ಜೋಡಿಸಿಕೊಳ್ಳಿ. ಮೊದಲಿನದು ತಡವಾಗಿ ಎರಡನೆಯದು ತಪ್ಪಿದರೆ ಪ್ರಯಾಣಿಸದ ಭಾಗದ ಹಣ ಮರಳುತ್ತದೆ. ಹಾಗಿದ್ದರೂ ನಡುವೆ ಆರು ಗಂಟೆ ಬಿಡುವು ಇಡಿ.

ಪ್ರಯಾಗ ಕಾಶಿಯಿಂದ ಸುಮಾರು 125 ಕಿ.ಮೀ. ನೀರು ಏರಿದರೆ ಸಂಗಮದ ನಡುವಿಗೆ ದೋಣಿ ಬಿಡುವುದಿಲ್ಲ, ಮಲಗಿದ ಹನುಮಂತನ ಗುಡಿಯೊಳಗೂ ಗಂಗೆ ಬಂದಿರುತ್ತಾಳೆ. ಹೆಂಗಸರು ಜಡೆಯ ತುದಿ ಅರ್ಪಿಸುವ ವೇಣಿದಾನ ದಡದಲ್ಲೇ ಮಾಡಿಸಬಹುದು. ಗಯೆ ಸುಮಾರು 250 ಕಿ.ಮೀ. ಹಿಂದೆ ಬೇಸಿಗೆಯಲ್ಲಿ ಮರಳು ಬಗೆದರೆ ಮಾತ್ರ ನೀರು ಕಾಣುತ್ತಿದ್ದ ಅಲ್ಲಿಯ ಫಲ್ಗು ನದಿ ಮಳೆಗಾಲದಲ್ಲಿ ಹರಿಯುತ್ತಿರುತ್ತದೆ. ಮೂರೂ ಊರಿನ ನಡುವೆ ಒಂದೊಂದು ದಿನ ಖಾಲಿ ಬಿಡಿ. ಮುಜರಾಯಿ ಇಲಾಖೆಯ 5000 ರೂಪಾಯಿ ಸಹಾಯಧನಕ್ಕೆ ಅರ್ಜಿ ಹಾಕುವುದಿದ್ದರೆ ರೈಲು ಟಿಕೆಟ್ಟು, ದರ್ಶನದ ಚೀಟಿ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಒದ್ದೆಯಾದರೆ ಅಕ್ಷರ ಅಳಿಸಿ ಹೋಗುತ್ತದೆ, ಸಿಕ್ಕಿದ ಕೂಡಲೇ ಫೋಟೋ ತೆಗೆದಿಟ್ಟುಕೊಳ್ಳಿ.