ಆರು ಪದದ ಆತ್ಮಕಥೆಗೆ ಕನ್ನಡದಲ್ಲಿ ಏನನ್ನೋಣ? (ಬ್ಯಾನರ್‌ಗೆ ಬೇಕು, ನಾಳೆ ಮಧ್ಯಾಹ್ನದೊಳಗೆ)

ಮೈಸೂರಿನಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಒಂದು ಗೋಡೆ ಖಾಲಿ ಬಿಟ್ಟಿದ್ದೇವೆ. ಬರುವವರು ತಮ್ಮ ಬಗ್ಗೆ, ಮನೆಯವರ ಬಗ್ಗೆ ಆರೇ ಪದಗಳಲ್ಲಿ ಬರೆದು ಚೀಟಿ ಅಂಟಿಸಬೇಕು. 2006ರಲ್ಲಿ ಅಮೆರಿಕದ ಸ್ಮಿತ್ ಮ್ಯಾಗಜೀನ್ ಓದುಗರಿಂದ ಹೀಗೆ ಬರೆಸಿತ್ತು. 2008ರಲ್ಲಿ ಅವು ಪುಸ್ತಕವಾಗಿಯೂ ಬಂದವು. ಅಲ್ಲಿಯವರು ಮೆಮೊಯರ್ ಅನ್ನುತ್ತಾರೆ. ನಾನು ‘ಕಿರು ಆತ್ಮಕಥೆ’ ಅಂತ ಹಾಕಿದ್ದೆ. ಆದರೆ ಬಂದ ಚೀಟಿಗಳಲ್ಲಿ ಜಾಸ್ತಿ ಇರುವುದು ಅಪ್ಪ, ಅಮ್ಮ, ಅತ್ತೆಯ ಸುದ್ದಿ. ಒಂದು ನೋಡಿ: ‘ಅಜ್ಜಿ ಮನೆ ಆಳಿದರು. ತಾತ ಸಹಿ ಹಾಕಿದರು.’ ಇದನ್ನು ಆತ್ಮಕಥೆ ಅನ್ನುವುದು ಹೇಗೆ?

ಧಾರವಾಡದಿಂದ:
ಮೇಡಂ, ಆತ್ಮಕಥೆ ಬೇಡವೇ ಬೇಡ. ಹನಿಗವನ ಇದೆ, ಹನಿಗತೆ ಇದೆ. ‘ಹನಿನೆನಪು’ ಅನ್ನಿ. ‘ಆರು ಪದ’ ಅಂತ ಮಾತ್ರ ಹಾಕಬೇಡಿ. ನಮ್ಮ ಕಡೆ ಪದ ಅಂದರೆ ಹಾಡು. ಬೀಸುವ ಪದ, ಸೋಬಾನೆ ಪದ. ಜನ ಆರು ಹಾಡು ಬರೆದು ತಂದಾರು! ಷಟ್ಪದಿಯ ‘ಪದ’ವೂ ಶಬ್ದ ಅಲ್ಲ, ಸಾಲು. ಅಂದಹಾಗೆ ಸರ್ವಜ್ಞ ತನ್ನ ಬಗ್ಗೆ ಮೂರೇ ಸಾಲಿನಲ್ಲಿ ಹೇಳಿಕೊಂಡ: ಗರ್ವದಿಂದ ಆದವನಲ್ಲ, ಒಬ್ಬೊಬ್ಬರಿಂದ ಒಂದೊಂದು ನುಡಿ ಕಲಿತು ಆದವನು ಅಂತ. ಆ ಪ್ರಕಾರಕ್ಕೆ ಅವನೇನೂ ಹೆಸರು ಹುಡುಕಲಿಲ್ಲ.

ಬೆಂಗಳೂರಿನಿಂದ:
ಪದ, ಆತ್ಮ, ಕಥೆ ಮೂರೂ ಎರವಲು. ಆರು ಇನ್ನೊಂದರ ಜೊತೆ ಸೇರಿದಾಗ ‘ಅರು’ ಆಗುತ್ತದೆ. ಅರುವತ್ತು ನೋಡಿ. ಹಾಗಾಗಿ ‘ಅರುನುಡಿ’. ಮುಗಿಯಿತು.

ಪುತ್ತೂರಿನಿಂದ:
ಅರುನುಡಿ ಅಂತ ಹಾಕಿದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಅದಿರಲಿ. ಹೆಸರಿಗಿಂತ ಎಣಿಕೆಯದೇ ದೊಡ್ಡ ತಕರಾರು. ‘ಹೋಗಬೇಕಾಗಿತ್ತು’ ಒಂದೋ, ಮೂರೋ? ‘ಕಾಯುತ್ತ ಇದ್ದೆವು’ ಎರಡು. ‘ಕಾಯುತ್ತಿದ್ದೆವು’ ಒಂದು. ಸಂಧಿ ಬಲ್ಲವರಿಗೆ ಒಂದು ಪದ ಲಾಭ. ‘ಮನೆಯಲ್ಲಿ’ಯ ‘ಅಲ್ಲಿ’ ಇಂಗ್ಲಿಷಿನಲ್ಲಿ ಬೇರೆ ಪದವಾಗಿ ನಿಲ್ಲುತ್ತದೆ, ನಮ್ಮಲ್ಲಿ ಅಂಟಿಕೊಳ್ಳುತ್ತದೆ. ಅವರ ಆರಕ್ಕೆ ನಮಗೆ ಎಷ್ಟೋ ಸಲ ಮೂರು-ನಾಲ್ಕು ಸಾಕು. ಆರೇ ಆಗಬೇಕೆಂಬ ಹಟ ಯಾಕೆ? ‘ನಾಲ್ಕು ಮಾತು’ ಅಂತ ಮಾಡಿ. ಇಲ್ಲವೇ ಕೂಡಿಸಿ ಬರೆದರೂ, ಬಿಡಿಸಿ ಬರೆದರೂ ಸರಿ ಅಂತ ಒಂದು ಸಾಲು ಸೇರಿಸಿ.

ಧಾರವಾಡದಿಂದ:
‘ನಾಲ್ಕು ಮಾತು’ ಅಂದರೆ ನಮ್ಮ ಸಭೆಗಳಲ್ಲಿ ಮುಕ್ಕಾಲು ಗಂಟೆ, ಸಾರ್.

ಬೆಂಗಳೂರಿನಿಂದ:
ಎಣಿಕೆ ಆಮೇಲೆ. ಆ ಚೀಟಿಯ ‘ಸಹಿ’ ಅರಬ್ಬಿಯಿಂದ ಬಂದದ್ದು. ‘ಒಪ್ಪ’ ಅಂತ ತಿದ್ದಿ.

ಪುತ್ತೂರಿನಿಂದ:
ತಾತ ಹಾಕಿದ್ದು ಸಹಿ. ಅವರ ಮನೆಯವರೇ ಹಾಗೆ ಬರೆದಿದ್ದಾರೆ. ತಿದ್ದಲು ನಾವು ಯಾರು? ಬೇರೆಯವರ ಮನೆಯ ಮಾತನ್ನು ಶುದ್ಧ ಮಾಡಿದರೆ ಅದು ಅವರ ನೆನಪಾಗಿ ಉಳಿಯುತ್ತದೆಯೇ? ಅಷ್ಟಕ್ಕೂ ಬ್ಯಾನರ್, ಲೈಬ್ರರಿ, ಚೀಟಿ ಬಗ್ಗೆ ನೀವು ಏನೂ ಅನ್ನಲಿಲ್ಲ, ಅಲ್ವಾ?

ಬೆಂಗಳೂರಿನಿಂದ:
ಅದಕ್ಕೆ ಬೇರೆಯೇ ಪತ್ರ ಬರೆಯುತ್ತಿದ್ದೇನೆ.

ಮೈಸೂರಿನಿಂದ:
ಸಾರ್, ಅದು ಬರುವಷ್ಟರಲ್ಲಿ ಪ್ರೆಸ್ ಬಾಗಿಲು ಹಾಕಿರುತ್ತದೆ. ‘ಹನಿನೆನಪು: ನಿಮ್ಮ ಮನೆಯ ಕಥೆ, ಆರೇ ಶಬ್ದಗಳಲ್ಲಿ’ ಅಂತ ಕಳಿಸಿಬಿಟ್ಟೆ. ಕೂಡಿಸಿ ಬರೆಯುವ ವಿಷಯ ಕೆಳಗೆ ಸಣ್ಣಕ್ಷರದಲ್ಲಿದೆ. ಎಲ್ಲರಿಗೂ ಥ್ಯಾಂಕ್ಸ್.

ಬೆಂಗಳೂರಿನಿಂದ:
‘ಕಥೆ’ ಅಲ್ಲ, ‘ಕತೆ’. ಪ್ರೆಸ್‌ಗೆ ಒಂದು ಫೋನ್ ಮಾಡಿ.